ಗೋಡೆಯ ಆ ಕಡೆ ಮಾತು, ಈ ಕಡೆ ಮುಖ

ನಮ್ಮ ಟಾಕೀಸಿನಲ್ಲಿ ಸಿನಿಮಾ ಓಡಿಸುವವನು ನಾನು. ಆಪರೇಟರ್ ಅನ್ನಬೇಕಾದ ಜನ ಪಟಾಕಿ ಅನ್ನುತ್ತಾರೆ. ಬತ್ತಿ ಹಚ್ಚಿದವರು ಯಾರು ಅಂತ ಮಾತ್ರ ಒಬ್ಬನೂ ಕೇಳುವುದಿಲ್ಲ.

ಮೇಲಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರುಗಳ ಗಡಗಡ, ಬಿಸಿಗಾಳಿ ಹೊರಹಾಕುವ ಫ್ಯಾನಿನ ಗೊರಗೊರ. ಸಿನಿಮಾದ ಮಾತು ನನಗೂ ಕೇಳಲೆಂದು ಇಟ್ಟಿದ್ದ ಸಣ್ಣ ಸ್ಪೀಕರ್ ಸತ್ತು ಯಾವ ಕಾಲವಾಯಿತೋ. ಟಾಕೀಸು ನನ್ನ ಸೋದರಮಾವನದು. ಸ್ಪೀಕರ್ ರಿಪೇರಿ ಮಾಡಿಸು ಅಂದರೆ, “ನಿಂಗ್ಯಾಕೋ ಸೌಂಡು? ಟಿಕೆಟ್ ತಗೊಂಡು ಕೂತಿದ್ದೀಯಾ?” ಅನ್ನುತ್ತಾನೆ. ಹಾಗಾಗಿ ಪ್ರತಿ ಸಿನಿಮಾವನ್ನೂ ನಾನು ಗೋಡೆಯ ಕಿಂಡಿಯಿಂದ ನೋಡುತ್ತೇನೆ, ಒಂದು ಮಾತೂ ಕೇಳದೆ.

ಟಾಕೀಸಿನ ಇನ್ನೊಂದು ತುದಿಯಲ್ಲಿ, ಪರದೆಯ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಟೈಲರ್ ಅಂಗಡಿಯಿದೆ. ಅಲ್ಲಿ ಹೊಲಿಯುವವಳಿಗೆ ನಮ್ಮ ಸಿನಿಮಾದ ಒಂದೊಂದು ಮಾತೂ ಗೋಡೆ ತೂರಿ ಕೇಳಿಸುತ್ತದೆ. ಒಂದು ದಿನ ಇಂಟರ್‌ವಲ್ಲಿನಲ್ಲಿ ಹಿಂದಿನ ಓಣಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಅವಳು ಹಿಂಬಾಗಿಲಲ್ಲಿ ಬಟ್ಟೆಯ ಚೂರು ಕೊಡವುತ್ತಾ ಕೇಳಿದಳು:

“ಏನ್ರೀ ಆಪರೇಟರೇ, ಇವತ್ತು ನಾಯಿ ಬೊಗಳಲೇ ಇಲ್ಲ?”

“ರೀಲು ಹರೀತು. ಕತ್ತರಿಸಿ ಜೋಡಿಸಿದೆ.”

“ನಾನೂ ಹರಿದಿದ್ದನ್ನ ಜೋಡಿಸ್ತೀನಿ. ಆದ್ರೆ ಗಿರಾಕಿಗೆ ಗೊತ್ತಾಗಲ್ಲ.”

ಬೇರೆ ಯಾರಾದರೂ ಹಾಗೆ ಅಂದಿದ್ದರೆ ಟೀ ಗ್ಲಾಸು ಗೋಡೆಗೆ ಹೋಗುತ್ತಿತ್ತು. ಅವತ್ತು ಗ್ಲಾಸು ಕೈಯಲ್ಲೇ ಉಳಿಯಿತು.

ಆ ಸಿನಿಮಾದಲ್ಲಿ ಇದ್ದದ್ದು ಒಂದು ಸಣ್ಣ ಊರು, ಒಂದು ನಾಯಿ. ಬೆಳಿಗ್ಗೆ ಅದು ಗಡಿಯಾರ ರಿಪೇರಿಯವನ ಮನೆಯಲ್ಲಿ ತಿನ್ನುತ್ತದೆ, ಸಂಜೆ ಬೇಕರಿ ಹುಡುಗಿಯ ಮನೆಯಲ್ಲಿ. ಇಬ್ಬರೂ ತನ್ನದೇ ನಾಯಿ ಅಂದುಕೊಂಡಿದ್ದಾರೆ. ಅಷ್ಟೇ ಕಥೆ. ಯಾರೂ ಯಾರ ಕೊರಳಪಟ್ಟಿಯನ್ನೂ ಹಿಡಿಯುವುದಿಲ್ಲ. ಮೊದಲ ದಿನ ಉಗಿದಿದ್ದೆ. ಆದರೆ ಮಧ್ಯಾಹ್ನದ ಆಟಕ್ಕೆ ಬೆಳಕಿನ ಕೋಲಿನಲ್ಲಿ ಧೂಳು ತೇಲುತ್ತಾ ತೇಲುತ್ತಾ ಹೋಗಿ, ಆ ಊರಿನ ಬೀದಿಯ ಮೇಲೆ ಬಿಸಿಲಾಗಿ ಬೀಳುತ್ತಿತ್ತು. ನೋಡುತ್ತಾ ನೋಡುತ್ತಾ ನಾನೂ ಆ ಬೀದಿಯಲ್ಲಿ ನಡೆಯತೊಡಗಿದೆ. ಅಲ್ಲಿ ನನ್ನನ್ನು ಪಟಾಕಿ ಅನ್ನುವವರು ಇರಲಿಲ್ಲ. ಬೇಕರಿಯ ಗಾಜಿನ ಹಿಂದೆ ನಿಂತವಳ ಕೊರಳಲ್ಲಿ ಒಮ್ಮೊಮ್ಮೆ ಅಳತೆಯ ಟೇಪು ಇರುತ್ತಿತ್ತು.

ಇಂಟರ್‌ವಲ್ಲಿನಲ್ಲಿ ದಿನವೂ ಟೈಲರ್ ಜೊತೆ ವಾದ.

“ಸೇತುವೆ ಮೇಲೆ ಆ ಹುಡುಗಿ ಅವನಿಗೆ ಏನು ಬೈತಾಳ್ರೀ! ಬೆರಳು ತೋರಿಸಿ ತೋರಿಸಿ!”

“ಬೈಯೋದಾ? ನಿನ್ನ ಚಪ್ಪಲಿ ಕಿತ್ತೋಗಿದೆ ನೋಡ್ಕೋ ಅಂತಾಳೆ.”

ಮರುದಿನ ಕಿಂಡಿಗೆ ಕಣ್ಣಿಟ್ಟು ನೋಡಿದೆ. ಬೆರಳು ನೆಲದ ಕಡೆಗೇ ಇತ್ತು.

“ನಿಮಗೆ ಯಾರು ಬಾಯಿ ತೆಗೆದ್ರೂ ಬೈದ ಹಾಗೇ ಕಾಣುತ್ತೆ,” ಅಂದಳು. “ಅದಿರಲಿ, ಹುಡುಗ ದಪ್ಪಗಿದ್ದಾನಲ್ವಾ? ದನಿ ಹೊಟ್ಟೆಯಿಂದ ಬರುತ್ತೆ.”

“ಕಡ್ಡಿ ಹಾಗಿದ್ದಾನೆ.”

“ಸುಳ್ಳು.”

“ಬಂದು ನೋಡಿ ಹಾಗಾದ್ರೆ.”

“ಪುಕ್ಕಟೆ ಗೋಡೆಯಲ್ಲಿ ಬರ್ತಿರೋವಾಗ ನಾನ್ಯಾಕೆ ಬರಲಿ?”

ಅಷ್ಟರಲ್ಲಿ ಮಾವ ಹೊಸ ಪೋಸ್ಟರ್ ಅಂಟಿಸಿದ. ಶುಕ್ರವಾರದಿಂದ ಬೇರೆ ಸಿನಿಮಾ, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದವನದು. ಟೈಲರ್ ಅದನ್ನು ನೋಡಿ ಹಣೆ ಗಂಟಿಕ್ಕಿದಳು. “ಹೊಲಿಗೆ ಮಿಷನ್ನು ಬೀದಿ ಕಡೆ ರೂಮಿಗೆ ಹಾಕ್ತೀನಿ. ಗುಂಡು ಹಾರಿಸ್ತಿದ್ರೆ ಕಾಜಾ ಹೊಲಿಯೋಕಾಗುತ್ತಾ?”

ಮಿಷನ್ನು ಬೀದಿ ಕಡೆಗೆ ಹೋದರೆ ಹಿಂಬಾಗಿಲು ತೆಗೆಯುವುದು ಯಾರಿಗಾಗಿ? ನಾನು ಓಣಿಯಲ್ಲಿ ಒಬ್ಬನೇ ನಿಂತು ಟೀ ಕುಡಿಯಬೇಕು. ನೇರ ಮಾವನ ಹತ್ತಿರ ಹೋದೆ.

“ಇನ್ನೊಂದು ವಾರ ಓಡಿಸು ಮಾವ.”

“ಜನಕ್ಕಿಂತ ಸೊಳ್ಳೆ ಜಾಸ್ತಿ ಬರ್ತಿವೆ. ಸೊಳ್ಳೆ ಟಿಕೆಟ್ ತಗೋತಾವೇನೋ?” ಅಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಂಗ್ಯಾವಾಗಿಂದ ಹಿಡೀತು ಈ ಲವ್ ಸಿನಿಮಾ ಹುಚ್ಚು?”

ಕಾಲಿಗೆ ಸಿಕ್ಕ ಬಕೆಟ್ಟನ್ನು ಒದ್ದು ಮೆಟ್ಟಿಲು ಹತ್ತಿದೆ. ಒದ್ದ ಮೇಲೆ ಕಾಲು ನೋಯಿತು.

ಗುರುವಾರದ ಇಂಟರ್‌ವಲ್ಲಿನಲ್ಲಿ ಅವಳಿಗೆ ಹೇಳಬೇಕೆಂದುಕೊಂಡಿದ್ದೇ ಬೇರೆ. ಬಾಯಲ್ಲಿ ಬಂದದ್ದು ಎಂದಿನ ಜಗಳವೇ.

“ಕಡೇ ರೀಲಿಗೆ ಮೇಲೆ ಬನ್ನಿ. ಅವರಿಬ್ರೂ ಹೇಗೆ ಕಿತ್ತಾಡಿ ಬೇರೆ ಆಗ್ತಾರೆ ತೋರಿಸ್ತೀನಿ.”

ಅವಳ ಕತ್ತರಿ ನಿಂತಿತು. “ಬೇರೆ ಆಗ್ತಾರಾ? ನಿಮಗ್ಯಾರ್ರೀ ಹೇಳಿದ್ದು?”

“ಯಾರು ಯಾಕೆ ಹೇಳ್ಬೇಕು? ದಿನಾ ನೋಡ್ತೀನಿ.”

ಅವಳು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಮೇಲೆ ಹೋಗಿ, ಹಲ್ಲು ಕಚ್ಚಿಕೊಂಡು ರೀಲು ಏರಿಸಿದೆ.

ಕೊನೆಯ ರೀಲು ಶುರುವಾದ ಸ್ವಲ್ಪ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲು ಕಿರ್ ಅಂದಿತು. ಕೊರಳಲ್ಲಿ ಟೇಪು, ತೋಳಿನ ಮೇಲೆ ದಾರದ ಎಳೆಗಳು. ಏದುಸಿರು ಬಿಡುತ್ತಾ ಬಂದು ಪಕ್ಕದ ಕಿಂಡಿಗೆ ಕಣ್ಣಿಟ್ಟಳು.

“ಅಯ್ಯೋ, ನಿಜವಾಗ್ಲೂ ಕಡ್ಡಿ!”

ಆಮೇಲೆ ಪ್ರೊಜೆಕ್ಟರಿನ ಸದ್ದಿನಲ್ಲಿ ಕೇಳಲಿ ಎಂದು ನನ್ನ ಕಿವಿಯ ಹತ್ತಿರ ಬಂದು ಮಾತುಗಳನ್ನು ಹೇಳತೊಡಗಿದಳು. ಅವನದು ದಪ್ಪ ದನಿಯಲ್ಲಿ, ಹುಡುಗಿಯದು ತನ್ನದೇ ದನಿಯಲ್ಲಿ. ತುಟಿಗಳು ಅಲ್ಲಿ ಆಡುತ್ತಿದ್ದವು, ಮಾತು ಇಲ್ಲಿ ಬರುತ್ತಿತ್ತು. ನಾನು ಬೈಗುಳ ಅಂದುಕೊಂಡಿದ್ದೆಲ್ಲ ಒಂದೊಂದಾಗಿ ಬೇರೇನೋ ಆಯಿತು. ಊಟ ಮಾಡಿದೆಯಾ ಅನ್ನುವುದು. ಇಷ್ಟು ತಡ ಯಾಕೆ ಅನ್ನುವುದು.

ಪರದೆಯ ಮೇಲೆ ಹುಡುಗಿ ಅವನ ಮುಖಕ್ಕೆ ಬಾಗಿಲು ಹಾಕಿದಳು. ಅವನು ಮೆಟ್ಟಿಲಿಳಿದು ಹೊರಟ. ನಾಯಿ ಮಧ್ಯದಲ್ಲಿ ಕೂತು ಎರಡೂ ಕಡೆ ನೋಡಿತು.

“ನೋಡಿ. ಮುಗೀತು,” ಅಂದೆ.

“ಶ್!” ಅವಳ ಉಸಿರು ಕಿವಿಗೆ ತಾಗಿತು. “ಬಾಗಿಲು ಹಾಕಿದ್ದೀನಿ. ಚಿಲಕ ಹಾಕಿಲ್ಲ.”

“ಯಾರು?”

“ಅವಳು ಕಣ್ರೀ! ಒಳಗಿಂದ ಹೇಳ್ತಾಳೆ.”

ನನಗೆ ಕಾಣುತ್ತಿದ್ದದ್ದು ಮುಚ್ಚಿದ ಬಾಗಿಲು ಮಾತ್ರ. ಅಷ್ಟು ದಿನವೂ ಆ ಬಡಪಾಯಿಯನ್ನು ಹೊರಗೆ ಹಾಕಿಯೇ ಟಾಕೀಸಿನ ದೀಪ ಹಚ್ಚುತ್ತಿದ್ದೆ. ಅವನು ನಿಂತ. ತಿರುಗಿದ. ಟೈಲರ್ ನನ್ನ ತೋಳು ಹಿಡಿದು ಚೀರಿದಳು.

“ತಿರುಗಿದ! ತಿರುಗಿಬಿಟ್ಟ!”

“ದಿನಾ ತಿರುಗ್ತಾನೆ. ಸಿಟ್ಟಿಗೆ ನೋಡ್ತಾನೆ ಅಂದ್ಕೊಂಡಿದ್ದೆ.”

“ನನಗೆ ಹೇಗ್ರೀ ಗೊತ್ತಾಗ್ಬೇಕು? ತಿರುಗೋದು ಕೇಳಿಸುತ್ತಾ?”

ರೀಲು ಮುಗಿದು ಅದರ ತುದಿ ಪಟಪಟ ಬಡಿಯತೊಡಗಿತು. ಪರದೆ ಬೆಳ್ಳಗಾಯಿತು. ಕೆಳಗಿಂದ ಮಾವ ಕೂಗಿದ, “ಲೋ ಪಟಾಕಿ, ಲೈಟ್ ಹಾಕೋ!”

ಅವಳ ಕೈ ಇನ್ನೂ ನನ್ನ ತೋಳಿನ ಮೇಲೇ ಇತ್ತು.

“ಮಿಷನ್ನು ಬೀದಿ ಕಡೆಗೆ ಹಾಕ್ಬೇಡಿ,” ಅಂದೆ. ಜೋರಿಲ್ಲದ ನನ್ನ ದನಿ ನನಗೇ ಹೊಸದು.

“ಯಾಕೆ?”

“ಓಣಿಯಲ್ಲಿ ಒಬ್ಬನೇ ನಿಲ್ಲೋಕಾಗಲ್ಲ ನನಗೆ.”

ಅವಳು ತೋಳಿನ ದಾರದ ಎಳೆಯೊಂದನ್ನು ಕಿತ್ತು ಬೆರಳಿಗೆ ಸುತ್ತಿದಳು.

“ಕಬ್ಬಿಣದ ಮಿಷನ್ನು ಅದು. ಒಬ್ಬಳ ಕೈಲಿ ಎತ್ತೋಕಾಗಲ್ಲ.”

“ನಾನಂತೂ ಎತ್ತೋಕೆ ಬರಲ್ಲ.”

“ನಾನೆಲ್ಲಿ ಕರೆದೆ?” ಅನ್ನುತ್ತಾ ಮೆಟ್ಟಿಲಿಳಿದಳು. ಅರ್ಧದಲ್ಲಿ ನಿಂತು ತಲೆಯೆತ್ತಿದಳು. “ನಾಳೆ ಆ ಪಿಸ್ತೂಲಿನವನ ಮೂತಿ ಹೇಗಿದೆ ಅಂತ ಬಂದು ಹೇಳಿ. ಎಷ್ಟು ಗುಂಡು ಹಾರ್ತು ಅಂತ ನಾನು ಹೇಳ್ತೀನಿ.”

ಕತ್ತಲಲ್ಲಿ ಮಾವ ಯಾವುದೋ ಕುರ್ಚಿಗೆ ಎಡವಿ ನನ್ನ ತಾಯಿಯ ವಂಶವನ್ನೆಲ್ಲ ಬೈಯುತ್ತಿದ್ದ. ಅವನೂ ಅದೇ ವಂಶದವನು. ಬೈಯಲಿ ಎಂದು ಸುಮ್ಮನೆ ಕೇಳಿಸಿಕೊಂಡೆ.