ಕತ್ತಲಲ್ಲಿ ಮುಗಿದ ಕೈ

ಗುಬ್ಬಿಯ ಆ ಮಠದಲ್ಲಿ ಸಂಜೆ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರೂ ಮಾತಾಡುವುದಿಲ್ಲ. ಎದುರಾದವರಿಗೆ ಸುಮ್ಮನೆ ಕೈಮುಗಿದು ಹೋಗುವುದು ವಾಡಿಕೆ. ಅಲ್ಲಿ ಬೆಳಕೂ ಕಡಿಮೆ. ಗೋಡೆ, ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಗಂಗಾಂಬಿಕೆ ಯಾವುದಕ್ಕೂ ಡಿಕ್ಕಿ ಹೊಡೆಯುತ್ತಿರಲಿಲ್ಲ, ಯಾರಿಗೂ ಕೈಮುಗಿಯುತ್ತಲೂ ಇರಲಿಲ್ಲ. ಹೀಗಾಗಿ ಜಂಬದವಳು ಎಂಬ ಹೆಸರು ಬಂತು. ಪಕ್ಕದ ಮನೆಯ ಶಿವರುದ್ರಮ್ಮ ಮಾತು ಬಿಟ್ಟಳು. ಅವಳ ಮನೆಯಿಂದ ಬರುತ್ತಿದ್ದ ಸಾರೂ ನಿಂತಿತು.

ತನಗೆ ಇರುಳುಗುರುಡು ಎಂದು ಹೇಳಿಬಿಡಬಹುದಿತ್ತು. ಆದರೆ ಗಂಡು ಹುಡುಕುವ ಕಾಲದಲ್ಲಿ ತಾಯಿ ಹೊರಿಸಿದ ಗುಟ್ಟನ್ನು ಗಂಡ ತೀರಿಕೊಂಡ ಮೇಲೂ ಅಭ್ಯಾಸಬಲದಿಂದ ಕಾಪಾಡುತ್ತಿದ್ದಳು. ಈಗ ಹಗಲಿನ ಕಣ್ಣೂ ಹೋಗಿಬಿಟ್ಟರೆ? ಒಬ್ಬಳೇ ಇರುವವಳಿಗೆ ಅದೊಂದೇ ಭಯ. ತುಮಕೂರಿನ ಕಣ್ಣಾಸ್ಪತ್ರೆಗೆ ಹೋದಳು.

"ಜೊತೇಲಿ ಯಾರು ಬಂದವ್ರಮ್ಮ?" ಎಂದಳು ನರ್ಸ್.

"ಕನ್ನಡಕ."

ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ತಂತಿ ತಾಗಿಸಿ, ಬೆಳಕು ಮಿನುಗಿಸಿ ಪರೀಕ್ಷಿಸಿದರು. ಡಾಕ್ಟರ್ ದೀಪಿಕಾ ಪರದೆಯ ಗೆರೆ ತೋರಿಸಿದರು.

"ಅಮ್ಮ, ಮಬ್ಬು ಬೆಳಕು ಹಿಡಿಯೋ ಜೀವಕೋಶ ನಿಮ್ದು ಚೆನ್ನಾಗೇ ಇದೆ. ಕತ್ತಲಲ್ಲಿ ಅದು ಪಕ್ಕದ ಕೋಶಕ್ಕೆ ಗ್ಲುಟಮೇಟ್ ಅಂತ ಒಂದು ರಾಸಾಯನಿಕ ಸುರೀತಾನೇ ಇರುತ್ತೆ. ಬೆಳಕು ಬಿದ್ರೆ ಕಮ್ಮಿ ಮಾಡುತ್ತೆ. ಕಮ್ಮಿ ಆಯ್ತಲ್ಲ, ಬೆಳಕು ಬಂತು ಅಂತ ಪಕ್ಕದ್ದು ತಿಳ್ಕೋಬೇಕು. ಅದನ್ನ ತಿಳ್ಕೊಳ್ಳೋಕೆ ಆ ಪಕ್ಕದ ಕೋಶದಲ್ಲಿರೋ ರಿಸೆಪ್ಟರ್ ನಿಮಗೆ ಹುಟ್ಟಿನಿಂದ್ಲೇ ಕೆಲಸ ಮಾಡ್ತಿಲ್ಲ ಅನ್ಸುತ್ತೆ."

"ಅಂದ್ರೆ ಇವ್ಳು ಸುಮ್ಮನಾದ್ರೂ ಪಕ್ಕದವ್ಳಿಗೆ ಗೊತ್ತಾಗಲ್ಲ," ಎಂದಳು ಗಂಗಾಂಬಿಕೆ.

"ಹೂಂ. ವಾಸಿ ಮಾಡಕ್ಕೆ ಸದ್ಯಕ್ಕೆ ಔಷಧಿ ಇಲ್ಲ. ಆದ್ರೆ ಇದು ಜಾಸ್ತಿನೂ ಆಗಲ್ಲ. ಹಗಲಿನ ಕಣ್ಣು ಹೋಗಲ್ಲ ಬಿಡಿ."

ಬಸ್‌ಸ್ಟ್ಯಾಂಡಿನಲ್ಲಿ ಸಂತೋಷದ ಸುದ್ದಿ ಹೇಳಲು ಫೋನ್ ತೆಗೆದಳು. ಅದರಲ್ಲಿ ಕೊನೆಯ ಸಲ ಮಾತಾಡಿದ್ದು ಗ್ಯಾಸ್ ಏಜೆನ್ಸಿಯವರ ಜೊತೆ. ಫೋನ್ ಬ್ಯಾಗಿಗೆ ಹೋಯಿತು.

ಗುಬ್ಬಿಯಲ್ಲಿ ಇಳಿದಾಗ ಕತ್ತಲಾಗಿತ್ತು. ಗೋಡೆ ಸವರಿಕೊಂಡು ಮಠದ ಅಂಗಳಕ್ಕೆ ಹೋಗಿ, ಬಳೆ ಸದ್ದು ಕೇಳಿದ ಕಡೆಗೆ ಕೈಮುಗಿದಳು. ಸದ್ದು ಸರಿದುಹೋಯಿತು. ಅವಳು ಕೈ ಮುಗಿದುಕೊಂಡೇ ನಿಂತಳು. ಕೊನೆಗೆ ಪಕ್ಕದಿಂದ, ಅಂಗಳದ ನೇಮ ಮುರಿದು, ಶಿವರುದ್ರಮ್ಮನ ದನಿ ಬಂತು:

"ಯಾರಿಗೇ ಕೈ ಮುಗೀತಿದೀಯ? ಅಲ್ಲಿರೋದು ಕಂಬ."

"ನಂಗೆ ಕತ್ತಲಲ್ಲಿ ಕಾಣಲ್ಲ ಕಣಕ್ಕ. ಹುಟ್ಟಿದಾಗಿಂದ್ಲೂ."

ಆ ಕಡೆ ದನಿ ಸುಮ್ಮನಾಯಿತು. ಆ ಸುಮ್ಮನಿರುವಿಕೆಯ ಅರ್ಥ ತಿಳಿಯಲು ಮುಖ ಕಾಣಬೇಕಿತ್ತು. ಗಂಗಾಂಬಿಕೆ ದನಿ ಬಂದತ್ತ ತಿರುಗಿ, ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡು ಕಾದಳು.