ಮುಖವಿಲ್ಲದ ಫೋಟೋ

"ಮುಖ ಎಲ್ಲಿದೆ ಹೇಳು? ನೀನು ಬೇಡ ಅಂದಿದ್ದಕ್ಕೆ ಬರೀ ಪರದೆ ಫೋಟೋ ಹಾಕಿದ್ದೀನಿ," ಎಂದು ಪರದೆ ಅಂಗಡಿಯ ಯಜಮಾನಿ ಫೋನನ್ನು ಹೊಲಿಯುತ್ತಿದ್ದ ಅವಳ ಮೂಗಿನ ಹತ್ತಿರಕ್ಕೇ ತಂದಳು.

ನಿಜ, ಮುಖವಿರಲಿಲ್ಲ. ಅಂಗಡಿಯ ಕಿಟಕಿಗೆ ತೂಗುಹಾಕಿದ ಬೂದು ಬಣ್ಣದ ಪರದೆ, ಅದರ ತಲೆಯಲ್ಲಿ ಸಾಲಾಗಿ ಅವಳು ಹಾಕಿದ ನೆರಿಗೆಗಳು. ಬೇರೆಯವರು ನೆರಿಗೆಯ ಬುಡಕ್ಕೆ ಮಷಿನ್ನಿನಲ್ಲಿ ಒಂದು ಗೆರೆ ಓಡಿಸಿ ಕೈತೊಳೆದುಕೊಳ್ಳುತ್ತಾರೆ. ಅವಳು ಮಾತ್ರ ದಾರವನ್ನು ಕೈಯಲ್ಲೇ ಅಡ್ಡಡ್ಡ ಸುತ್ತಿ, ಕೊನೆಗೊಂದು ಪುಟ್ಟ ಗಂಟು ಬಿಗಿಯುತ್ತಿದ್ದಳು. ಯಜಮಾನಿಗೆ ಆ ಗಂಟಿನ ಮೇಲೆ ಪ್ರಾಣ. ಅದಕ್ಕೇ ಹತ್ತಿರದಿಂದ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿ, 'ನಮ್ಮ ಹೊಸ ಕೈಚಳಕ' ಎಂದು ಬರೆದು, ಗಿರಾಕಿಗಳಿಗೆ ದಾರಿ ತಿಳಿಯಲೆಂದು ಅಂಗಡಿಯ ಲೊಕೇಶನ್ನನ್ನೂ ಹಾಕಿದ್ದಳು.

ಕೆಳಗೊಂದು ಮೆಸೇಜಿತ್ತು. 'ಈ ನೆರಿಗೆ ಹಾಕಿದವರು ದಿನಾ ಇರ್ತಾರಾ? ದೊಡ್ಡ ಆರ್ಡರ್ ಇದೆ. ಅವರ ಕೈಯಲ್ಲೇ ಆಗಬೇಕು.'

ಮೆಸೇಜು ಕಳಿಸಿದವರ ಹೆಸರಿನ ಪಕ್ಕದ ಗುಂಡು ಚಿತ್ರದಲ್ಲಿ ಒಂದು ಅಂಗಡಿಯ ಬೋರ್ಡು. ಅದರ ಹಸಿರು ಬಣ್ಣವನ್ನು ಆರಿಸಿದವಳೇ ಅವಳು. ಆ ಬೋರ್ಡಿನ ಕೆಳಗೆ ಕೂತು ಗಂಡನ ಜೊತೆ ವರ್ಷಗಟ್ಟಲೆ ಪರದೆ ಹೊಲಿದಿದ್ದಳು. ಅಲ್ಲೇ ಅವನು ಕಾದ ಇಸ್ತ್ರಿಪೆಟ್ಟಿಗೆಯನ್ನು ಅವಳ ತೋಳಿಗೆ ಒತ್ತಿದ್ದ. ಅಲ್ಲಿಂದಲೇ ಮಗಳನ್ನು ಎತ್ತಿಕೊಂಡು ಊರು ಬಿಟ್ಟು ಬಂದಿದ್ದಳು.

ಯಜಮಾನಿಯ ಉತ್ತರ ಆ ಮೆಸೇಜಿನ ಕೆಳಗೇ ಹಲ್ಲುಕಿರಿದು ಕೂತಿತ್ತು. 'ಖಂಡಿತ ಇರ್ತಾರೆ ಸರ್! ಸಂಜೆ ಮಗಳನ್ನ ಕರ್ಕೊಂಡು ಬರೋಕೆ ಹಿಂದಿನ ಬೀದಿ ಸ್ಕೂಲಿಗೆ ಹೋಗ್ತಾರೆ. ಅದಕ್ಕೆ ಮೊದಲೇ ಬನ್ನಿ.'

'ಹೊರಟಿದ್ದೀನಿ,' ಎಂದು ಅವನು ಬರೆದಿದ್ದ. ಬೆಳಿಗ್ಗೆಯೇ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಹೆದರಿಕೆ ಬರುವುದೆಂದುಕೊಂಡಿದ್ದಳು. ಬಂದದ್ದು ಸಿಟ್ಟು, ಕಿವಿ ಕಾದು ಸುಡುವಂಥ ಸಿಟ್ಟು.

"ಅಕ್ಕಾ, ಇವನು ಗಿರಾಕಿ ಅಲ್ಲ. ನನ್ನ ಗಂಡ."

ಯಜಮಾನಿ ಫೋನನ್ನು ತನ್ನತ್ತ ತಿರುಗಿಸಿ ಮತ್ತೆ ಓದಿದಳು. "ಅಯ್ಯೋ, ಎಷ್ಟು ಮರ್ಯಾದೆಯಿಂದ ಕೇಳಿದ್ದ ಕಣೇ..."

"ಅವನು ಮರ್ಯಾದಸ್ಥನೇ! ಸುಟ್ಟ ಮೇಲೆ ಮುಲಾಮು ತಂದುಕೊಡೋವಷ್ಟು!" ಅವಳ ದನಿ ಅಂಗಡಿಯ ಗೋಡೆಗೆ ಬಡಿದು ವಾಪಸ್ಸಾಯಿತು. "ಸೇರೋ ದಿನವೇ ಏನಂದಿದ್ದೆ? ನಾನು ಎಲ್ಲಿದ್ದೀನಂತ ಯಾರಿಗೂ ಗೊತ್ತಾಗಬಾರದು ಅಂದಿದ್ದೆ ತಾನೆ?"

"ಮುಖ ಬೇಡ ಅಂತಲ್ವಾ ನಾನು..."

"ಮುಖ, ಮುಖ! ನನ್ನ ಮುಖವನ್ನ ಅವನು ಯಾವತ್ತು ನೆಟ್ಟಗೆ ನೋಡಿದ್ದ? ಅವನು ನೋಡಿದ್ದು ಈ ಕೈ. ಅನ್ನ ಹಾಕಿದ ಕೈ!"

ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಮುದುಕಿ ಮೆಲ್ಲಗೆ, "ಹೋಗಲಿ ಬಿಡಮ್ಮ, ಬೇಕಂತ ಮಾಡಿದ್ದಾ ಅವಳು?" ಎಂದಳು.

"ಬೇಕಂತ ಮಾಡಿದ್ದರೆ ಒಂದು ಬೈಗುಳಕ್ಕೆ ಮುಗೀತಿತ್ತು ಅಜ್ಜಿ. ಇವರು ಪ್ರೀತಿಗೆ ಮಾಡಿದ್ದಾರೆ. ಈ ಪ್ರೀತಿಗೆ ನಾನು ಮತ್ತೆ ಗಂಟುಮೂಟೆ ಕಟ್ಟಬೇಕು. ಹೊಡೆದವನು ಅಂಗಡಿ ತೆರೆದುಕೊಂಡು ಆರಾಮಾಗಿದ್ದಾನೆ, ಓಡೋಳು ಮಾತ್ರ ನಾನು!"

ಬೈಯುತ್ತಲೇ ಅವಳು ಸ್ಕೂಲಿಗೆ ಫೋನು ಮಾಡಿದಳು. ಅಪ್ಪ ಅಂತ ಯಾರೇ ಬಂದರೂ ಮಗಳನ್ನು ಕಳಿಸಬೇಡಿ, ನಾನು ಈಗಲೇ ಬರುತ್ತಿದ್ದೇನೆ ಎಂದಳು. ಅಲ್ಲಿಂದ ಪೊಲೀಸರಿಗೆ. ಅವರಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು; ಎರಡನೇ ಸಲ ಹಲ್ಲು ಕಚ್ಚಿಕೊಂಡು ಹೇಳಿದಳು. ಯಜಮಾನಿ ಫೋಟೋ ಅಳಿಸಹೊರಟಾಗ ತಡೆದಳು. "ಮೊದಲು ಅವನ ಮೆಸೇಜುಗಳ ಫೋಟೋ ತೆಗೆದು ಪೊಲೀಸರಿಗೆ ಕಳಿಸಿ. ಆಮೇಲೆ ಅಳಿಸಿ. ಆ ಲೊಕೇಶನ್ ಇರೋದನ್ನೆಲ್ಲಾ ಅಳಿಸಿ."

ಹಗಲಲ್ಲೇ ಶಟರ್ ಇಳಿಯಿತು. ಯಜಮಾನಿಯೇ ಕಾರು ಓಡಿಸಿದಳು. ಸ್ಕೂಲಿನ ಗೇಟಿನಲ್ಲಿ ಮಗಳು ಆಯಾಳ ಕೈ ಹಿಡಿದು ನಿಂತಿದ್ದಳು. ಅವನಿನ್ನೂ ಬಂದಿರಲಿಲ್ಲ. ಕಾರಿನಲ್ಲಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಾಗಷ್ಟೇ ಅವಳಿಗೆ ಉಸಿರು ಸಿಕ್ಕಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮನೆಯಿಂದ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬಸ್ ನಿಲ್ದಾಣಕ್ಕೆ ಬಂದರು. ಯಜಮಾನಿ ದಾರಿಯುದ್ದಕ್ಕೂ ಅಳುತ್ತಿದ್ದಳು. ಒಳ್ಳೆಯ ಹೆಂಗಸು, ಕೆಲಸ ಕೊಟ್ಟವಳು, ಮಗಳ ಜ್ವರಕ್ಕೆ ರಾತ್ರಿ ನಿದ್ದೆಗೆಟ್ಟವಳು. ಅದನ್ನೆಲ್ಲ ನೆನೆದಷ್ಟೂ ಅವಳ ಸಿಟ್ಟು ಹೆಚ್ಚುತ್ತಿತ್ತು. ಕೆಟ್ಟವಳಾಗಿದ್ದರೆ ಬಿಟ್ಟು ಹೋಗುವುದು ಎಷ್ಟು ಸಲೀಸಾಗಿರುತ್ತಿತ್ತು.

"ಎಲ್ಲಿಗೆ ಹೋಗ್ತೀಯೇ?" ಯಜಮಾನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗೊಬ್ಬಳಿಗೆ ಹೇಳು. ಯಾರಿಗೂ ಬಾಯಿ ಬಿಡಲ್ಲ."

ಅವಳು ಚೀಲವನ್ನು ಹೆಗಲಿಗೇರಿಸಿ ಮಗಳ ಕೈ ಹಿಡಿದುಕೊಂಡಳು.

"ನಿಮಗೂ ಹೇಳಲ್ಲ ಅಕ್ಕ," ಎಂದಳು. "ನೀವು ಕಾರು ತಿರುಗಿಸಿಕೊಂಡು ಹೊರಡಿ. ನೀವು ಹೋದ ಮೇಲೇ ನಾನು ಬಸ್ಸು ಹತ್ತೋದು."

ಯಜಮಾನಿ ಕಾರು ಹತ್ತಿದಳು. ಕಾರು ತಿರುವು ದಾಟಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.