ಒಂದು ಕೆಮ್ಮು

ಬಾಟಲಿಯ ನೀರು ಹಲ್ಲಿಗೆ ತಾಕಿ ಜುಮ್ಮೆನ್ನುತ್ತದೆ, ಇನ್ನೊಂದು ಗುಟುಕು, ಇಳಿಯುವುದಿಲ್ಲ, ಇಳಿಸಬೇಕು — ಹಗಲು ಹೊತ್ತಿನಲ್ಲಿ ಇಷ್ಟು ನೀರು ಕುಡಿದು ಅವಳಿಗೆ ವರ್ಷಗಳೇ ಆಗಿವೆ, ಗಾರ್ಮೆಂಟ್ಸಿನಲ್ಲಿ ಪೈಜಾಮಗಳಿಗೆ ಎಲಾಸ್ಟಿಕ್ ಹೊಲಿಯುತ್ತ ಕೂತವಳು ಬಾಯಿ ಒಣಗಿದರೆ ತುಟಿ ನೆಕ್ಕಿಕೊಂಡೇ ಸಂಜೆ ಮಾಡುತ್ತಾಳೆ, ಕೆಮ್ಮು ಬಂದರೆ ನುಂಗುತ್ತಾಳೆ, ಸೀನು ಬಂದರೆ ಮೂಗು ಹಿಸುಕುತ್ತಾಳೆ, ಯಾಕೆಂದರೆ ಆವತ್ತು ಒಂದೇ ಒಂದು ಸೀನಿಗೆ, ಎದ್ದು ನೋಡಿದರೆ ಸ್ಟೂಲಿನ ಹಸಿರು ಮೆತ್ತೆ, ನಡುವೆ ಅಂಗೈಯಷ್ಟು ಒದ್ದೆ ಕಪ್ಪು. ಯಾರ್ರೀ ನೀರು ಚೆಲ್ಲಿದ್ದು, ಮೇಸ್ತ್ರಿ ಕೇಳಿದ್ದ, ಬಾಟ್ಲಿ ಉರುಳ್ತು ಸಾರ್, ಅಂದಿದ್ದಳು, ಬಾಟಲಿಯ ಮುಚ್ಚಳ ಬಿಗಿಯಾಗಿಯೇ ಇತ್ತು, ಪಕ್ಕದ ಮಿಷನ್ನಿನವಳು ಬಾಟಲಿಯನ್ನೂ ನೋಡಿದಳು, ಮೆತ್ತೆಯನ್ನೂ ನೋಡಿದಳು.

ಕುಡಿಯೇ, ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ, ಆಸ್ಪತ್ರೆಯ ಪಡಸಾಲೆಯಲ್ಲಿ ಪಕ್ಕದ ಕುರ್ಚಿಯಿಂದ ಅಕ್ಕ. ತಪ್ಪೆಲ್ಲ ತನ್ನದೇ, ಬೆಳಿಗ್ಗೆ ಪರೀಕ್ಷೆಗೆ ಕರೆಯುವ ಮುಂಚೆ ಎಂದಿನ ಹಾಗೆ ಬಾತ್‌ರೂಮಿಗೆ ಹೋಗಿ ಬಂದುಬಿಟ್ಟಿದ್ದಳು, ಕೊನೆಯ ಹನಿಯನ್ನೂ ಬಿಡದೆ, ಮಲಗಿ ಸಣ್ಣಗೆ ಕೆಮ್ಮಿದರೆ ಏನೂ ಇಲ್ಲ, ಡಾಕ್ಟರಮ್ಮ ಕೈಗವಸು ಕಳಚಿದರು, ಸೋರೋದು ನನ್ನ ಕಣ್ಣಿಗೆ ಬೀಳದೆ ನಾನು ಯಾವುದನ್ನೂ ಮಾಡೋಕಾಗಲ್ಲಮ್ಮ, ನೀರು ಕುಡಿದು ತಡ್ಕೊಂಡು ಬಾ. ಯಾವುದನ್ನೂ ಅಂದರೆ ಎರಡರಲ್ಲಿ ಒಂದನ್ನು, ವ್ಯಾಯಾಮ ಮಾಡಿ ಮಾಡಿ ಸಾಕಾಯಿತು, ಇನ್ನು ಟೇಪೋ ಇಂಜೆಕ್ಷನ್ನೋ, ಡಾಕ್ಟರಮ್ಮ ಬಿಡಿಸಿ ಹೇಳಿದ್ದರು, ಟೇಪು ಮೂತ್ರನಾಳದ ಕೆಳಗೆ ಜೋಲಿಯ ಹಾಗೆ ಕೂರುತ್ತೆ, ಬಹಳ ವರ್ಷ ತಡೆಯುತ್ತೆ, ಆದ್ರೆ ಕೆಲವರಿಗೆ ಮೂತ್ರ ಕಟ್ಟಬಹುದು, ಒಳಗೆ ಉಜ್ಜಿ ನೋಯಬಹುದು, ಆಮೇಲೆ ಬೇಡ ಅಂದ್ರೆ ಪೂರ್ತಿ ತೆಗೆಯೋದು ಕಷ್ಟ, ಇಂಜೆಕ್ಷನ್ನಾದ್ರೆ ಕೊಯ್ಯೋದೇ ಇಲ್ಲ, ನಾಳದ ಗೋಡೆ ಉಬ್ಬಿ ದಾರಿ ಬಿಗಿಯಾಗುತ್ತೆ, ಟೇಪಿನಷ್ಟು ಗಟ್ಟಿ ಮಾತ್ರ ಅಲ್ಲ, ಮತ್ತೆ ಹಾಕಿಸ್ಕೋಬೇಕಾಗಬಹುದು — ಮತ್ತೆ ಅಂದರೆ ಮತ್ತೆ ರಜೆ, ಮತ್ತೆ ಮೇಸ್ತ್ರಿಗೊಂದು ಸುಳ್ಳು, ಮತ್ತೆ ಆ ಮಂಚ, ಟೇಪಾದರೆ ಒಂದೇ ಸಲ, ಆದರೆ ಹೊಲಿದ ಎಲಾಸ್ಟಿಕ್ಕನ್ನು ಬಿಚ್ಚುವಾಗ ಬಟ್ಟೆಯ ಗತಿ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಟೇಪೇ ಹಾಕಿಸ್ಕೊ, ಪೈಜಾಮದ ಹಾಗೆ ಇಸ್ತ್ರಿ ಮಾಡಿ ಮಡಚಿ ಬೀರುವಿನಲ್ಲಿಡ್ತೀನಿ ನಿನ್ನ, ಅಂತಾಳೆ ಅಕ್ಕ, ನಗಿಸಬೇಡ ಕಣೇ, ತೊಡೆ ಬಿಗಿ, ಇನ್ನೂ ಬಿಗಿ, ಈ ಕುರ್ಚಿಯ ಮೆತ್ತೆ ಯಾವ ಬಣ್ಣದ್ದು, ನೋಡಬಾರದು, ಹಸಿರು ಮೆತ್ತೆ, ಇಲ್ಲ ಇಲ್ಲ, ಇಲ್ಲಿ ಬೇಡ.

ಒಳಗೆ ಬನ್ನಿ, ನರ್ಸು, ಹೆಜ್ಜೆಯಿಟ್ಟಾಗಲೆಲ್ಲ ಕಿಬ್ಬೊಟ್ಟೆ ತುಳುಕುತ್ತದೆ, ಮತ್ತೆ ಮಂಚ, ಕಾಲು ಮಡಿಸಿ, ದೀಪ ತಿರುಗಿತು, ಈಗ ಜೋರಾಗಿ ಕೆಮ್ಮು, ಡಾಕ್ಟರಮ್ಮ, ಕೆಮ್ಮಬೇಕು, ಇವರ ಮುಂದೆ, ಬೇಕೆಂದೇ, ಬಾಯಿ ತೆರೆಯುತ್ತಾಳೆ, ಬರೀ ಗಾಳಿ, ನುಂಗಿ ನುಂಗಿ ಗಂಟಲಿಗೆ ಬೇರೇನೂ ಬಾರದು, ಕೆಮ್ಮು ತಾಯಿ, ಅದಕ್ಕೇ ತಾನೇ ಬಂದಿರೋದು, ಹೌದು, ಸೋರಿದರೆ ತಾನೇ ನಿಲ್ಲಿಸುವುದು, ಉಸಿರು ಎಳೆದುಕೊಳ್ಳುತ್ತಾಳೆ, ಕೆಳಗಿನದೆಲ್ಲ ತಾನಾಗಿ ಬಿಗಿಯುತ್ತದೆ, ಕಣ್ಣು ಮುಚ್ಚಿದರೆ ಹಸಿರು ಮೆತ್ತೆ, ಕೆಮ್ಮು ಬರುತ್ತಿಲ್ಲ, ಕೆಮ್ಮಮ್ಮ, ಹಸಿರು ಮೆತ್ತೆ, ನಡುವೆ ಅಂಗೈಯಷ್ಟು ಕಪ್ಪು, ಅದರ ಅಂಚು ಇನ್ನೂ ಹರಡುತ್ತಿದೆ